‘ಕೊಳ್ಳಬೇಡಿ’ ಎನ್ನುವ ಮೊದಲು ಹೊಲಿಯುವವರನ್ನು ಕೇಳಿ

ಆತ್ಮೀಯರೇ,

ಬಳ್ಳಾರಿಯಿಂದ ನೀವು ಕಳುಹಿಸಿದ ‘ಬೆವರಿನ ಬಟ್ಟೆ’ ಲೇಖನವನ್ನು ಈಗಿರುವ ರೂಪದಲ್ಲಿ ಪ್ರಕಟಿಸಲಾರೆ. ಕಾರ್ಮಿಕರನ್ನು ಹಿಂಡಿ ಬಟ್ಟೆ ಹೊಲಿಸುವ ಕಂಪನಿಗಳ ಸರಕನ್ನು ಗ್ರಾಹಕರು ಬಹಿಷ್ಕರಿಸಬೇಕು ಎಂಬುದು ನಿಮ್ಮ ವಾದ. ಆ ಸಿಟ್ಟು ನನಗೂ ಇದೆ. ಆದರೆ ಎಂಟು ಪುಟಗಳನ್ನು ಸಿಟ್ಟೊಂದೇ ತುಂಬಿದೆ. ‘ಬಂಡವಾಳಶಾಹಿಯ ಕರಾಳ ಮುಖ’ ಎಂಬ ಮಾತು ಎಲ್ಲೆಲ್ಲಿ ಬಂದಿದೆಯೋ ಅಲ್ಲೆಲ್ಲ ಹೊಡೆದುಹಾಕಿ.

ಮೂರನೇ ಪುಟದಲ್ಲಿ ಕೆಲವು ಸಾಲುಗಳಿವೆ. ಕೌಲ್ ಬಜಾರಿನ ನಿಮ್ಮ ಓಣಿಯ ಹೆಂಗಸೊಬ್ಬರು ಹೊಸ್ತಿಲ ಮೇಲೆ ಜೀನ್ಸ್ ಗಂಟು ಬಿಚ್ಚಿಕೊಂಡು ದಾರ ಕತ್ತರಿಸುತ್ತಾರೆ. ಊಟಕ್ಕೆ ಕುಳಿತಾಗಲೂ ಅವರ ಬೆರಳಿನ ನೀಲಿ ಹೋಗಿರುವುದಿಲ್ಲ. ಇಡೀ ಲೇಖನದ ಜೀವ ಅಲ್ಲಿದೆ. ನೀವೋ ಮುಂದಿನ ಸಾಲಿನಲ್ಲೇ ಅವರನ್ನು ಬಿಟ್ಟು ನ್ಯೂಯಾರ್ಕಿಗೆ ಹಾರಿದ್ದೀರಿ! ಒಂದು ಪ್ಯಾಂಟಿಗೆ ಅವರಿಗೆ ಎಷ್ಟು ಸಿಗುತ್ತದೆ? ಗಂಟು ತಂದುಕೊಡುವವರು ಯಾರು? ಕತ್ತರಿ ತಾಗಿ ಬಟ್ಟೆ ಹರಿದರೆ ನಷ್ಟ ಯಾರ ತಲೆಗೆ? ಕೊನೆಗೆ ಅದಕ್ಕೆ ಯಾವ ಲೇಬಲ್ ಬೀಳುತ್ತದೆ? ಕಟಿಂಗ್ ಒಂದು ಕಡೆ, ಹೊಲಿಗೆ ಇನ್ನೊಂದು ಕಡೆ, ಕಾಜಾ-ಬಟನ್ ಮತ್ತೊಂದು ಕಡೆ, ವಾಷಿಂಗ್ ಬೇರೆಯೇ ಕಡೆ ಎಂದು ಹಂಚಿಹೋಗುವ ಕೆಲಸದಲ್ಲಿ ಹೊಣೆ ಯಾರದೆಂದು ಪತ್ತೆ ಹಚ್ಚುವುದೇ ನಿಮ್ಮ ಮೊದಲ ಕೆಲಸ.

‘ಕೊಳ್ಳುವುದನ್ನು ನಿಲ್ಲಿಸಿದರೆ ಶೋಷಣೆ ತಾನಾಗಿ ನಿಲ್ಲುತ್ತದೆ’ ಎಂದಿದ್ದೀರಿ. ಅಷ್ಟು ಸಲೀಸಲ್ಲ. 1990ರ ದಶಕದ ಆರಂಭದಲ್ಲಿ, ಬಾಲಕಾರ್ಮಿಕರು ತಯಾರಿಸಿದ ಸರಕಿನ ಆಮದು ತಡೆಯುವ ಮಸೂದೆ ಅಮೆರಿಕದಲ್ಲಿ ಮಂಡನೆಯಾಯಿತು. ಅದು ಕಾಯ್ದೆಯಾಗಲಿಲ್ಲ. ಆದರೂ ಹೆದರಿದ ಬಾಂಗ್ಲಾದೇಶದ ಗಾರ್ಮೆಂಟ್ಸ್ ಮಾಲೀಕರು ಅಂದಾಜು 50,000 ಮಕ್ಕಳನ್ನು ಹೊರಹಾಕಿದರು. ಅವರಲ್ಲಿ ಹಲವರು ಶಾಲೆಗೆ ಸೇರದೆ ಕಲ್ಲು ಒಡೆಯುವಂತಹ ಇನ್ನೂ ಕೆಟ್ಟ ಕೆಲಸಗಳಿಗೆ ಬಿದ್ದದ್ದನ್ನು ಯುನಿಸೆಫ್ ದಾಖಲಿಸಿತು. ಮಕ್ಕಳಿಗೆ ಶಾಲೆ ಮತ್ತು ಮಾಸಿಕ ಭತ್ಯೆ ಕೊಡುವ ಒಪ್ಪಂದ ಆದದ್ದು 1995ರಲ್ಲಿ. ಕೆಲಸ ಕಳೆದುಕೊಂಡವರ ಗತಿಯೇನು ಎಂಬ ಪ್ರಶ್ನೆಯನ್ನು ನಿಮ್ಮ ಲೇಖನ ಒಮ್ಮೆಯೂ ಕೇಳುವುದಿಲ್ಲ. ಇದು ನನ್ನ ದೊಡ್ಡ ತಕರಾರು.

ಗ್ರಾಹಕರ ಒತ್ತಡ ವ್ಯರ್ಥ ಎಂದು ನಾನು ಹೇಳುತ್ತಿಲ್ಲ. ಜೀನ್ಸ್ ಊರಿನವರಾಗಿ ನೀವು ಮರಳು ಸಿಡಿಸುವ ಕೆಲಸದ ಕಥೆಯನ್ನು ಬಿಟ್ಟದ್ದು ನನಗೆ ಆಶ್ಚರ್ಯ. ಪ್ಯಾಂಟಿಗೆ ಹಳತಾದ ಕಳೆ ಬರಲೆಂದು ಟರ್ಕಿಯ ಕಾರ್ಮಿಕರು ಗಾಳಿಯ ಒತ್ತಡದಲ್ಲಿ ಬಟ್ಟೆಯ ಮೇಲೆ ಮರಳು ಎರಚುತ್ತಿದ್ದರು. ಆ ದೂಳು ಶ್ವಾಸಕೋಶ ಸೇರಿ ಸಿಲಿಕೋಸಿಸ್ ಆಗಿ ಎಳೆಯ ಪ್ರಾಯದವರೇ ಸತ್ತರು. ಅಲ್ಲಿನ ಸರ್ಕಾರ 2009ರಲ್ಲಿ ಅದನ್ನು ನಿಷೇಧಿಸಿತು. 2010ರಲ್ಲಿ ಲೀವೈಸ್ ಮತ್ತು ಎಚ್ ಆ್ಯಂಡ್ ಎಂ ಬ್ರ್ಯಾಂಡುಗಳು ಕೂಡ ಅದನ್ನು ಕೈಬಿಡುವುದಾಗಿ ಘೋಷಿಸಿದವು. ಅಲ್ಲಿ ಎದ್ದ ಕೂಗು ಬರೀ ‘ಜೀನ್ಸ್ ಕೊಳ್ಳಬೇಡಿ’ ಎಂದಲ್ಲ, ‘ಈ ವಿಧಾನವನ್ನು ನಿಲ್ಲಿಸಿ’ ಎಂದು. ಢಾಕಾ ಬಳಿ ಗಾರ್ಮೆಂಟ್ಸ್ ಕಾರ್ಖಾನೆಗಳಿದ್ದ ರಾಣಾ ಪ್ಲಾಜಾ ಕಟ್ಟಡ 2013ರ ಏಪ್ರಿಲ್ 24ರಂದು ಕುಸಿದು 1,100ಕ್ಕೂ ಹೆಚ್ಚು ಜನ ಸತ್ತ ಮೇಲೆ, ಕಾರ್ಮಿಕ ಸಂಘಗಳ ಜೊತೆ ಕಾನೂನುಬದ್ಧ ಸುರಕ್ಷತಾ ಒಪ್ಪಂದಕ್ಕೆ ಬ್ರ್ಯಾಂಡುಗಳು ಸಹಿ ಹಾಕಿದ್ದೂ ಇಂತಹ ಖಚಿತ ಬೇಡಿಕೆಯಿಂದಲೇ.

ನಿಮ್ಮ ಓಣಿಗೆ ಮರಳಿ. ಅಲ್ಲಿ ಹೊಲಿಯುವ ಪ್ಯಾಂಟು ಸ್ಥಳೀಯ ಲೇಬಲ್ಲಿನದಾದರೆ, ವಿದೇಶಿ ಬ್ರ್ಯಾಂಡಿನ ಬಹಿಷ್ಕಾರದಿಂದ ಆ ಹೆಂಗಸಿಗೆ ಚಿಕ್ಕಾಸೂ ಹೆಚ್ಚು ಸಿಗುವುದಿಲ್ಲ. ಪೀಸ್ ಲೆಕ್ಕದ ದುಡಿಮೆಗೂ ಕನಿಷ್ಠ ಕೂಲಿ ಗೊತ್ತುಪಡಿಸುವ ಅವಕಾಶ 1948ರ ಕನಿಷ್ಠ ವೇತನ ಕಾಯ್ದೆಯಲ್ಲೇ ಇತ್ತು. ಕನಿಷ್ಠ ಕೂಲಿಗಿಂತ ಕಡಿಮೆ ಕೊಟ್ಟು ದುಡಿಸುವುದು ಸಂವಿಧಾನದ 23ನೇ ವಿಧಿ ನಿಷೇಧಿಸುವ ಬಲವಂತದ ದುಡಿಮೆ ಎಂದು ದೆಹಲಿಯ ಏಷ್ಯಾಡ್ (ಏಷ್ಯನ್ ಕ್ರೀಡಾಕೂಟ) ಕಾಮಗಾರಿಯ ಕಾರ್ಮಿಕರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1982ರಲ್ಲೇ ಹೇಳಿದೆ. ಆ ಹೆಂಗಸಿನ ದಿನದ ಗಳಿಕೆಯನ್ನು ಸರ್ಕಾರದ ದರದ ಪಕ್ಕದಲ್ಲಿಟ್ಟು ಬರೆಯಿರಿ. ಓದುಗರು ಅಂಗಡಿಯಲ್ಲಿ ಏನು ಕೇಳಬೇಕೆಂಬುದು ಆಗ ತಾನೇ ಸ್ಪಷ್ಟವಾಗುತ್ತದೆ.

ಎಂಟು ಪುಟ ಮೂರಕ್ಕೆ ಇಳಿಯಲಿ. ಕಳುಹಿಸುವ ಮೊದಲು ಆ ಹೆಂಗಸಿಗೆ ಓದಿ ಹೇಳಿ. ಹೆಸರು, ಮನೆಯ ಗುರುತು ಬೇಡ. ಗೊತ್ತಾದರೆ ಅವರಿಗೆ ಮರುದಿನದಿಂದ ಗಂಟು ಬರುವುದೇ ನಿಂತೀತು. ಅವರು ಬೇಡವೆಂದ ಸಾಲು ಎಷ್ಟೇ ಚೆನ್ನಾಗಿದ್ದರೂ ತೆಗೆದುಹಾಕಿ. ಮುಂದಿನ ಸಂಚಿಕೆಯಲ್ಲಿ ಜಾಗ ಇಟ್ಟಿರುತ್ತೇನೆ.

— ಸಂಪಾದಕ