ರಕ್ತ ತೆಳು ಮಾಡೋ ಇಂಜೆಕ್ಷನ್ ಕೊಟ್ಟ ಮೇಲೂ ಹೆಪ್ಪುಗಟ್ಟತ್ತಾ?

ಪ್ರಶ್ನೆ: ಡಾಕ್ಟ್ರಿಗೆ ನಮಸ್ಕಾರ. ನಮ್ ತಂದೆಗೆ 64 ವರ್ಷ, ಹೋದ ತಿಂಗಳು ಮಂಡಿ ಚಿಪ್ಪು ಬದಲಾಯಿಸೋ ಆಪರೇಷನ್ ಆಯ್ತು. ಕಾಲಲ್ಲಿ ರಕ್ತ ಹೆಪ್ಪುಗಟ್ಟಬಾರ್ದು ಅಂತ ದಿನಾ ಹೊಟ್ಟೆಗೆ ಒಂದು ಇಂಜೆಕ್ಷನ್ ಚುಚ್ತಾ ಇದ್ರು. ಎಂಟನೇ ದಿನ ಟೆಸ್ಟಲ್ಲಿ ಪ್ಲೇಟ್‌ಲೆಟ್ 92 ಸಾವಿರ ಅಂತ ಬಂತು, ಆಪರೇಷನ್‌ಗೆ ಮುಂಚೆ 2.6 ಲಕ್ಷ ಇತ್ತು. ಮಾರನೇ ದಿನ ಅದೇ ಕಾಲು ಊದ್ಕೊಂಡು ಸ್ಕ್ಯಾನ್ ಮಾಡಿದ್ರೆ ಹೆಪ್ಪು ಇದೆ ಅಂದ್ರು. ಚಿಕ್ಕಪ್ಪ ಇದು ಡೆಂಗ್ಯೂನೇ, ಪರಂಗಿ ಎಲೆ ರಸ ಕೊಡಿ ಅಂತಾರೆ. ನಾವು ಪ್ಲೇಟ್‌ಲೆಟ್ ಕೊಡೋಕೆ ಹುಡುಗ್ರನ್ನ ರೆಡಿ ಮಾಡ್ಕೊಂಡು ಹೋದ್ರೆ ಡಾಕ್ಟ್ರು ಬೇಡ ಅಂದ್ಬಿಟ್ರು, ಇಂಜೆಕ್ಷನ್ ನಿಲ್ಸಿ ಬೇರೆ ಡ್ರಿಪ್ ಹಾಕಿದ್ರು, ಈಗ ಮಾತ್ರೆ ಬರೆದು ಮನೆಗೆ ಕಳ್ಸಿದಾರೆ. ರಕ್ತ ತೆಳು ಮಾಡೋ ಔಷಧಿ ಕೊಟ್ಟು ಹೆಪ್ಪು ಹೆಂಗೆ ಬಂತು? ಆಸ್ಪತ್ರೆಯವ್ರು ಏನಾದ್ರೂ ತಪ್ಪು ಮಾಡಿದ್ರಾ?
— ಓದುಗರು, ಹಾಸನ

ಉತ್ತರ: ಬೇಲಿನೇ ಎದ್ದು ಹೊಲ ಮೇಯ್ದ ಹಾಗೆ ಅನ್ಸೋದು ಸಹಜ ಕಣಮ್ಮ, ಮೊದಲ ಸಲ ಕೇಳಿದವ್ರೆಲ್ಲ ಹಿಂಗೇ ಕೇಳೋದು. ನಿಮ್ ತಂದೆಗೆ ಆಗಿರೋದಕ್ಕೆ ಹೆಪಾರಿನ್ ಇಂಡ್ಯೂಸ್ಡ್ ಥ್ರಾಂಬೋಸೈಟೋಪೀನಿಯಾ ಅಂತಾರೆ, ಅಂದ್ರೆ ಹೆಪಾರಿನ್ ಅನ್ನೋ ರಕ್ತ ತೆಳು ಮಾಡೋ ಔಷಧಿಯಿಂದ ಪ್ಲೇಟ್‌ಲೆಟ್ ಇಳಿಯೋದು, ಉದ್ದದ ಹೆಸರು, ನಾವು ವಾರ್ಡಲ್ಲಿ ಹಿಟ್ ಅಂತಷ್ಟೇ ಕರೀತೀವಿ. ಹೊಟ್ಟೆಗೆ ಚುಚ್ತಾ ಇದ್ದಿದ್ದು ಹೆಪಾರಿನ್ ಜಾತಿ ಇಂಜೆಕ್ಷನ್ನೇ ಇರತ್ತೆ, ಸಾಮಾನ್ಯವಾಗಿ ಎನೋಕ್ಸಾಪರಿನ್, ಡಿಸ್ಚಾರ್ಜ್ ಶೀಟಲ್ಲಿ ಒಂದ್ಸಲ ಹೆಸರು ನೋಡಿ.

ಈಗ ಒಳಗೆ ನಡೆಯೋದೇನು ಅಂದ್ರೆ, ನಮ್ ಪ್ಲೇಟ್‌ಲೆಟ್‌ಗಳಲ್ಲಿ ಪಿಎಫ್4 ಅನ್ನೋ ಒಂದು ಪ್ರೋಟೀನ್ ಇದೆ, ಅದು ಹೆಪಾರಿನ್‌ಗೆ ಅಂಟ್ಕೊಳತ್ತೆ, ಅವೆರಡೂ ಸೇರಿದ ಜೋಡಿನ ಕೆಲವರ ಮೈ ಹೊರಗಿನ ಶತ್ರು ಅಂದ್ಕೊಂಡು ಅದರ ವಿರುದ್ಧ ಆಂಟಿಬಾಡಿ ತಯಾರು ಮಾಡ್ಬಿಡತ್ತೆ, ಆ ಆಂಟಿಬಾಡಿ ಹೋಗಿ ಪ್ಲೇಟ್‌ಲೆಟ್‌ನ ಕೆರಳಿಸತ್ತೆ, ಕೆರಳಿದ ಪ್ಲೇಟ್‌ಲೆಟ್ ಒಂದಕ್ಕೊಂದು ಅಂಟಿ ಹೆಪ್ಪು ಮಾಡ್ತಾ ಹೋಗತ್ತೆ. ಹೆಪ್ಪು ಮಾಡೋಕೆ ಖರ್ಚಾಗಿದ್ರಿಂದಲೇ ಲೆಕ್ಕ ಇಳಿಯೋದು. ಅಂದ್ರೆ ಇಲ್ಲಿ ಪ್ಲೇಟ್‌ಲೆಟ್ ಕಮ್ಮಿ ಅಂದ್ರೆ ರಕ್ತ ಸೋರೋ ಭಯ ಅಲ್ಲ, ಕಟ್ಕೊಳ್ಳೋ ಭಯ. ಅದಕ್ಕೇ ನಿಮ್ ಹುಡುಗ್ರನ್ನ ವಾಪಸ್ ಕಳ್ಸಿದ್ದು. ರಕ್ತಸ್ರಾವ ಇಲ್ದೇ ಇರುವಾಗ ಇನ್ನಷ್ಟು ಪ್ಲೇಟ್‌ಲೆಟ್ ಹಾಕೋದು ಇದ್ರಲ್ಲಿ ಒಳ್ಳೇದಲ್ಲ.

ಇದನ್ನ ಕಂಡು ಹಿಡಿಯೋದು ಹೆಂಗೆ ಅನ್ನೋದೇ ಮುಖ್ಯ, ಯಾಕಂದ್ರೆ ಒಂದೇ ಒಂದು ರಿಪೋರ್ಟ್ ನೋಡಿ ಇದನ್ನ ಹೇಳೋಕಾಗಲ್ಲ, ಎಲ್ಲಾ ರಿಪೋರ್ಟ್ ತಾರೀಖಿನ ಪ್ರಕಾರ ಸಾಲಾಗಿ ಇಟ್ಕೊಂಡು ನೋಡ್ಬೇಕು. ಯಾವುದೇ ದೊಡ್ಡ ಆಪರೇಷನ್ ಆದ್ಮೇಲೆ ಮೊದಲ ಎರಡು ಮೂರು ದಿನ ಪ್ಲೇಟ್‌ಲೆಟ್ ಸ್ವಲ್ಪ ಇಳಿದೇ ಇಳಿಯತ್ತೆ, ಆಮೇಲೆ ಏರತ್ತೆ, ಎಷ್ಟೋ ಸಲ ಮುಂಚೆಗಿಂತ ಜಾಸ್ತಿನೇ ಆಗತ್ತೆ. ಏರ್ಬೇಕಾದ ಟೈಮಲ್ಲಿ, ಅಂದ್ರೆ ಹೆಪಾರಿನ್ ಶುರುವಾಗಿ 5ರಿಂದ 10 ದಿನದ ನಡುವೆ ಮತ್ತೆ ಧಡಕ್ಕಂತ ಇಳಿದ್ರೆ ಅಲ್ಲಿ ಅನುಮಾನ ಬರ್ಬೇಕು. ಹಿಂದಿನ ಎರಡು ಮೂರು ತಿಂಗಳಲ್ಲಿ ಯಾವಾಗಾದ್ರೂ ಹೆಪಾರಿನ್ ತಗೊಂಡಿದ್ರೆ, ಆಂಜಿಯೋಗ್ರಾಂಗೆ ಅಂತ ಕೊಟ್ಟಿದ್ರೂ ಸರಿ, ಆಂಟಿಬಾಡಿ ಆಗ್ಲೇ ರೆಡಿ ಇರೋದ್ರಿಂದ ಮೊದಲ ದಿನವೇ ಇಳೀಬಹುದು. ಹಳೇ ಕಾಗದ ಎಲ್ಲ ಬಿಸಾಕ್ಬೇಡಿ ಅಂತ ನಾವು ಬಡ್ಕೊಳೋದು ಇದಕ್ಕೇ.

ಇದಕ್ಕೆ 4ಟಿ ಅಂತ ಒಂದು ಸ್ಕೋರ್ ಇದೆ. ಪ್ಲೇಟ್‌ಲೆಟ್ ಎಷ್ಟು ಇಳೀತು, ಯಾವ ದಿನ ಇಳೀತು, ಹೊಸ ಹೆಪ್ಪು ಬಂತಾ, ಇಳಿಯೋಕೆ ಬೇರೆ ಕಾರಣ ಇದ್ಯಾ ಅಂತ ನಾಲ್ಕು ವಿಷಯ ನೋಡಿ ಒಂದೊಂದಕ್ಕೆ ಸೊನ್ನೆಯಿಂದ ಎರಡು ಮಾರ್ಕ್ಸ್. ಮೂರರ ಒಳಗಿದ್ರೆ ಹಿಟ್ ಇರೋ ಸಾಧ್ಯತೆ ತೀರಾ ಕಮ್ಮಿ, ಆರು ಅಥವಾ ಅದಕ್ಕಿಂತ ಮೇಲೆ ಬಂದ್ರೆ ಜಾಸ್ತಿ. ನಿಮ್ ತಂದೆ ಲೆಕ್ಕ ನೋಡಿ: ಅರ್ಧಕ್ಕಿಂತ ಜಾಸ್ತಿ ಇಳಿದಿದೆ, ಎಂಟನೇ ದಿನ ಇಳಿದಿದೆ, ಕಾಲಲ್ಲಿ ಹೊಸ ಹೆಪ್ಪು, ನೀವು ಬರೆದಿರೋದ್ರಲ್ಲಿ ಜ್ವರ ಇಲ್ಲ ಸೋಂಕು ಇಲ್ಲ. ನಾನಾದ್ರೆ ಏಳೋ ಎಂಟೋ ಕೊಡ್ತಿದ್ದೆ. ಇಷ್ಟು ಸ್ಕೋರ್ ಬಂದಾಗ ಲ್ಯಾಬ್ ರಿಪೋರ್ಟ್ ಬರ್ಲಿ ಅಂತ ಕಾಯ್ಕೊಂಡು ಕೂರೋದು ತಪ್ಪು, ಹೆಪಾರಿನ್ ತಕ್ಷಣ ನಿಲ್ಲಿಸ್ಬೇಕು, ಕೈಗೆ ಹಾಕಿರೋ ಸೂಜಿ ಕಟ್ಕೋಬಾರ್ದು ಅಂತ ಬಿಡೋ ಹೆಪಾರಿನ್ ಫ್ಲಶ್ ಕೂಡ ನಿಲ್ಲಿಸ್ಬೇಕು. ಬರೀ ನಿಲ್ಸಿದ್ರೆ ಸಾಲಲ್ಲ, ಯಾಕಂದ್ರೆ ಆಂಟಿಬಾಡಿ ಇನ್ನೂ ರಕ್ತದಲ್ಲೇ ಓಡಾಡ್ತಾ ಇರತ್ತೆ, ಹೆಪ್ಪಿನ ಅಪಾಯ ವಾರಗಟ್ಲೆ ಇರತ್ತೆ, ಅದಕ್ಕೆ ಆರ್ಗಾಟ್ರೋಬಾನ್ ಥರದ ಹೆಪಾರಿನ್ ಅಲ್ಲದ ಔಷಧಿ ಶುರು ಮಾಡೋದು. ನಿಮ್ಮವ್ರು ಮಾಡಿರೋದು ಬಹುಶಃ ಇದೇ.

ಡೆಂಗ್ಯೂ ವಿಷಯ. ಪ್ಲೇಟ್‌ಲೆಟ್ ಅಂದ ತಕ್ಷಣ ನಮ್ ಕಡೆ ಎಲ್ರ ತಲೆಗೂ ಬರೋದು ಅದೇ, ಚಿಕ್ಕಪ್ಪನ್ನ ಬೈಬೇಡಿ. ಆದ್ರೆ ಡೆಂಗ್ಯೂನಲ್ಲಿ ಜ್ವರ, ಮೈಕೈ ನೋವು ಮೊದಲು ಬರತ್ತೆ, ಲೆಕ್ಕ 20 ಸಾವಿರದ ಕೆಳಗೂ ಹೋಗತ್ತೆ. ಹಿಟ್‌ನಲ್ಲಿ ಸಾಮಾನ್ಯವಾಗಿ 50, 60 ಸಾವಿರದ ಆಸುಪಾಸಲ್ಲಿ ನಿಲ್ಲತ್ತೆ, ಲಕ್ಷದ ಮೇಲೇ ಇದ್ದು ಅರ್ಧಕ್ಕೆ ಇಳಿದಿದ್ರೂ ಹಿಟ್ ಆಗಿರ್ಬಹುದು, ಅಲ್ಲೇ ತುಂಬಾ ಜನ ಮಿಸ್ ಮಾಡೋದು. ಪರಂಗಿ ಎಲೆ ರಸ ದಯವಿಟ್ಟು ಬೇಡ, ಅವರು ಈಗ ರಕ್ತ ತೆಳು ಮಾಡೋ ಮಾತ್ರೆ ಮೇಲಿದಾರೆ.

ಆಸ್ಪತ್ರೆ ತಪ್ಪಾ ಅಂದ್ರೆ, ನೀವು ಬರೆದಿರೋದ್ರಲ್ಲಿ ನನಗೆ ತಪ್ಪು ಕಾಣಿಸ್ಲಿಲ್ಲ. ಮಂಡಿ ಆಪರೇಷನ್ ಆದವ್ರಿಗೆ ಆ ಇಂಜೆಕ್ಷನ್ ಕೊಡದೇ ಇದ್ರೇನೇ ಹೆಪ್ಪಿನ ಅಪಾಯ ಜಾಸ್ತಿ, ಈ ಇಂಜೆಕ್ಷನ್‌ನಿಂದ ಹಿಟ್ ಬರೋದು ನೂರಕ್ಕೆ ಒಬ್ಬರಿಗಿಂತ ಕಮ್ಮಿ ಜನಕ್ಕೆ, ಯಾರಿಗೆ ಬರತ್ತೆ ಅಂತ ಮೊದ್ಲೇ ಹೇಳೋ ಟೆಸ್ಟ್ ಇಲ್ಲ. ಎಂಟನೇ ದಿನ ಪ್ಲೇಟ್‌ಲೆಟ್ ಮಾಡ್ಸಿದ್ದೇ ಒಳ್ಳೇದಾಯ್ತು. ಮಾತ್ರೆ ಕಮ್ಮಿ ಅಂದ್ರೆ ಮೂರು ತಿಂಗಳು ಬೇಕಾಗತ್ತೆ, ನೀವಾಗೇ ನಿಲ್ಲಿಸ್ಬೇಡಿ. ಉಸಿರು ಕಟ್ಟಿದ್ರೆ, ಎದೆ ನೋವು ಬಂದ್ರೆ, ಒಂದು ಕಡೆ ಕೈಕಾಲು ಸೋತ್ರೆ, ಪಾದ ತಣ್ಣಗಾಗಿ ನೀಲಿ ಆದ್ರೆ ರಾತ್ರಿ ಆದ್ರೂ ಸರಿ ಎಮರ್ಜೆನ್ಸಿಗೆ ಓಡಿ. ಮತ್ತೆ ಒಂದು ಚೀಟೀಲಿ ದೊಡ್ಡದಾಗಿ "ಹೆಪಾರಿನ್ ಆಗಲ್ಲ, ಹಿಟ್ ಆಗಿತ್ತು" ಅಂತ ತಾರೀಖು ಸಮೇತ ಡಾಕ್ಟ್ರ ಕೈಲೇ ಬರೆಸಿ ಅವರ ಪರ್ಸಲ್ಲಿ ಇಡಿ. ಆಂಟಿಬಾಡಿ ಮೂರು ತಿಂಗಳ ಹೊತ್ತಿಗೆ ಬಹುತೇಕ ಹೋಗ್ಬಿಡತ್ತೆ, ಆದ್ರೂ ಮುಂದೆ ಯಾರೇ ಡಾಕ್ಟ್ರು ನೋಡಿದ್ರೂ ಇದು ಗೊತ್ತಿರ್ಬೇಕು.

ಪ್ರಶ್ನೆ: ನಮ್ ಯಜಮಾನ್ರಿಗೆ ಎರಡು ವರ್ಷದಿಂದ ಡಯಾಲಿಸಿಸ್, ಪ್ರತಿ ಸಲ ಹೆಪಾರಿನ್ ಹಾಕ್ತಾರೆ. ಪ್ಲೇಟ್‌ಲೆಟ್ 1.7ರಿಂದ 1.5 ಲಕ್ಷ ಆಯ್ತು ಅಂತ ಹೊರಗಡೆ ಲ್ಯಾಬಲ್ಲಿ ಎಲೈಸಾ ಮಾಡ್ಸಿದ್ವಿ, 0.6 ಬಂದು ವೀಕ್ ಪಾಸಿಟಿವ್ ಅಂತ ಇದೆ. ತುಂಬಾ ಹೆದರಿಕೆ ಆಗಿದೆ.
— ಓದುಗರು, ದಾವಣಗೆರೆ

ಉತ್ತರ: ಹೆದರ್ಬೇಡಿ. 1.7ರಿಂದ 1.5 ಅನ್ನೋದು ದಿನದಿಂದ ದಿನಕ್ಕೆ ಆಗೋ ಮಾಮೂಲಿ ಏರಿಳಿತ, ಇದಕ್ಕೆ ಆ ಟೆಸ್ಟೇ ಬೇಕಿರ್ಲಿಲ್ಲ. ಎಲೈಸಾ ಆಂಟಿಬಾಡಿ ಇದ್ಯಾ ಅಂತ ಹೇಳತ್ತೆ, ಆ ಆಂಟಿಬಾಡಿ ಪ್ಲೇಟ್‌ಲೆಟ್‌ನ ಕೆರಳಿಸ್ತಾ ಇದ್ಯಾ ಅಂತ ಹೇಳಲ್ಲ, ಹೆಪಾರಿನ್ ತಗೊಳ್ಳೋ ಎಷ್ಟೋ ಜನಕ್ಕೆ ಸುಮ್ಮನೆ ಆಂಟಿಬಾಡಿ ಬಂದು ಏನೂ ಮಾಡದೇ ಹೋಗತ್ತೆ. ನೆಗೆಟಿವ್ ಬಂದ್ರೆ ಆ ಟೆಸ್ಟ್ ತುಂಬಾ ನಂಬಿಕಸ್ಥ, ವೀಕ್ ಪಾಸಿಟಿವ್ ಬಂದ್ರೆ ಅಷ್ಟಿಲ್ಲ, ನಂಬರ್ ಎರಡು ದಾಟಿದ್ರೆ ಆಗ ನಾವು ಸೀರಿಯಸ್ ಆಗಿ ತಗೋತೀವಿ. ನಿಜವಾಗ್ಲೂ ಅನುಮಾನ ಇದ್ರೆ ಸೆರೊಟೋನಿನ್ ರಿಲೀಸ್ ಅಸ್ಸೇ ಅಂತ ಇನ್ನೊಂದು ಟೆಸ್ಟ್ ಇದೆ, ಎಲ್ಲಾ ಕಡೆ ಸಿಗಲ್ಲ.

ನೀವು ಗಮನಿಸ್ಬೇಕಾಗಿರೋದು ಬೇರೆ. ಡಯಾಲಿಸಿಸ್ ಮೆಷಿನ್ ಫಿಲ್ಟರ್‌ನಲ್ಲಿ, ಟ್ಯೂಬಲ್ಲಿ ಪದೇ ಪದೇ ರಕ್ತ ಕಟ್ಕೋತಾ ಇದ್ಯಾ, ಡಯಾಲಿಸಿಸ್‌ಗೆ ಅಂತ ಕೈಯಲ್ಲಿ ರಕ್ತನಾಳ ಜೋಡಿಸಿರೋ ಫಿಸ್ಟುಲಾ ಮುಚ್ಕೊಳ್ತಾ ಇದ್ಯಾ, ಹೆಪಾರಿನ್ ಹಾಕಿದ ಅರ್ಧ ಗಂಟೆ ಒಳಗೆ ಚಳಿ ನಡುಕ, ಏದುಸಿರು ಬರತ್ತಾ ಅಂತ ಟೆಕ್ನಿಷಿಯನ್‌ನ ಕೇಳಿ. ಇದ್ಯಾವುದೂ ಇಲ್ದೇ ಹೋದ್ರೆ ರಿಪೋರ್ಟ್ ತಗೊಂಡೋಗಿ ಕಿಡ್ನಿ ಡಾಕ್ಟ್ರಿಗೆ ತೋರ್ಸಿ, ಡಯಾಲಿಸಿಸ್ ಮಾತ್ರ ತಪ್ಪಿಸ್ಬೇಡಿ.

ಪ್ರಶ್ನೆ: ಅಮ್ಮನಿಗೆ ಹಾರ್ಟ್ ವಾಲ್ವ್ ಹಾಕಿದೆ, ಅಸಿಟ್ರೋಂ ಮಾತ್ರೆ ತಗೋತಾರೆ. ಅದ್ರಲ್ಲೂ ಹಿಂಗಾಗತ್ತಾ?
— ಓದುಗರು, ಕೊಪ್ಪಳ

ಉತ್ತರ: ಹಿಟ್ ಆಗಲ್ಲ, ಅದು ಹೆಪಾರಿನ್‌ದು. ಅಸಿಟ್ರೋಂ, ವಾರ್ಫರಿನ್ ಈ ಜಾತಿ ರಕ್ತ ತೆಳು ಮಾಡೋ ಮಾತ್ರೆ ಶುರು ಮಾಡಿದ ಮೊದಲ ವಾರದಲ್ಲಿ ಬಲು ಅಪರೂಪಕ್ಕೆ ತೊಡೆ, ಎದೆ ಭಾಗದ ಚರ್ಮ ಕಪ್ಪಾಗಿ ಸಾಯೋದುಂಟು, ಯಾಕಂದ್ರೆ ಹೆಪ್ಪು ತಡೆಯೋ ಪ್ರೋಟೀನ್ ಸಿ ಮೊದಲು ಇಳಿಯತ್ತೆ, ಹೆಪ್ಪು ಮಾಡೋ ಅಂಶಗಳು ಆಮೇಲೆ. ಹಿಟ್ ಇರೋವಾಗ ಪ್ಲೇಟ್‌ಲೆಟ್ 1.5 ಲಕ್ಷಕ್ಕೆ ವಾಪಸ್ ಬರೋ ತನಕ ಈ ಮಾತ್ರೆ ಶುರು ಮಾಡಲ್ಲ, ಅವಸರ ಮಾಡಿದ್ರೆ ಬೆರಳು, ಕಾಲೇ ಹೋಗಬಹುದು. ಅಮ್ಮ ವರ್ಷಗಟ್ಲೆಯಿಂದ ತಗೋತಿದ್ರೆ ಈ ಚಿಂತೆ ಬೇಡ, ರಕ್ತ ಎಷ್ಟು ತೆಳುವಾಗಿದೆ ಅಂತ ನೋಡೋ ಐಎನ್‌ಆರ್ ಟೆಸ್ಟ್ ತಪ್ಪಿಸ್ದೇ ಮಾಡ್ಸಿ, ಡೋಸ್ ತಪ್ಪಿದ್ರೆ ವಾಲ್ವ್ ಮೇಲೇ ಹೆಪ್ಪು ಕೂರತ್ತೆ.

ಪ್ರಶ್ನೆ: ಹೆಪಾರಿನ್ ಹಂದಿಯಿಂದ ಮಾಡ್ತಾರಂತೆ, ನಿಜಾನಾ?
— ಓದುಗರು, ಭಟ್ಕಳ

ಉತ್ತರ: ನಿಜ, ಈಗ ಬಹುಪಾಲು ಹಂದಿ ಕರುಳಿನ ಒಳಪದರದಿಂದಲೇ ತೆಗೆಯೋದು. 1916ರಲ್ಲಿ ಅಮೆರಿಕದಲ್ಲಿ ಮೊದಲು ಸಿಕ್ಕಿದ್ದು ನಾಯಿ ಲಿವರ್‌ನಲ್ಲಿ. ಬೇಡ ಅನ್ನೋವ್ರು ಮೊದ್ಲೇ ಡಾಕ್ಟ್ರಿಗೆ ಹೇಳಿ, ಫೊಂಡಾಪ್ಯಾರಿನಕ್ಸ್ ಅಂತ ಪೂರ್ತಿ ಲ್ಯಾಬಲ್ಲೇ ತಯಾರಾಗೋ ಇಂಜೆಕ್ಷನ್ ಇದೆ, ಕಿಡ್ನಿ ಸರಿ ಇದ್ದವ್ರಿಗೆ ಎಷ್ಟೋ ಕಡೆ ಅದನ್ನ ಕೊಡಬಹುದು.