ಪಾರ್ಸೆಲ್ ಜೊತೆ ಸುಂಕದ ಬಿಲ್ಲು: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಜರ್ಮನಿಯ ಅಂಗಡಿಯೊಂದರಿಂದ ಆನ್‌ಲೈನ್‌ನಲ್ಲಿ 10,000 ರೂ. ಬೆಲೆಯ ಕೈಗಡಿಯಾರ ತರಿಸಿದೆ. ಸಾಗಣೆಗೆ 2,600 ರೂ. ಬೇರೆ. ಸುಂಕ ಶೇ 20 ಎಂದು ಕೇಳಿ 2,000 ರೂ. ಎತ್ತಿಟ್ಟಿದ್ದೆ. ಕೊರಿಯರ್‌ನವರು ಆರು ಸಾವಿರದ ಆಸುಪಾಸು ಕೇಳುತ್ತಿದ್ದಾರೆ. ಇದು ಮೋಸವೇ? (ದಾವಣಗೆರೆಯ ಓದುಗರು)

ಉತ್ತರ: ಮೋಸವಲ್ಲ. ಸುಂಕ ಬೀಳುವುದು ಅಂಗಡಿಯ ಬೆಲೆಯ ಮೇಲಲ್ಲ, ವಸ್ತು ಇಲ್ಲಿಗೆ ಬಂದು ಮುಟ್ಟಿದ ಬೆಲೆಯ ಮೇಲೆ. ಹಾಗಾಗಿ 10,000ಕ್ಕೆ ಮೊದಲು ಸಾಗಣೆ ವೆಚ್ಚ ಸೇರುತ್ತದೆ. ವಿಮಾನದಲ್ಲಿ ಬಂದ ಸರಕಿಗೆ ಈ ವೆಚ್ಚವನ್ನು ಬೆಲೆಯ ಶೇ 20ಕ್ಕಿಂತ ಹೆಚ್ಚು ಹಿಡಿಯುವಂತಿಲ್ಲ. ಆದ್ದರಿಂದ ನೀವು ಕೊಟ್ಟ 2,600ರಲ್ಲಿ ಲೆಕ್ಕಕ್ಕೆ ಬರುವುದು 2,000 ಮಾತ್ರ. ವಿಮೆ ಎಷ್ಟೆಂದು ಇನ್‌ವಾಯ್ಸ್‌ನಲ್ಲಿ ಇಲ್ಲದಿದ್ದರೆ ಬೆಲೆಯ ಶೇ 1.125, ಅಂದರೆ 112.50 ರೂ. ಸೇರಿಸುತ್ತಾರೆ. ಒಟ್ಟು 12,112.50.

ಮೂಲ ಸುಂಕ ಶೇ 20 ಎಂದೇ ಇಟ್ಟುಕೊಳ್ಳೋಣ: 2,422.50. ಅದರ ಹತ್ತನೇ ಒಂದು ಪಾಲು ಸಮಾಜ ಕಲ್ಯಾಣ ಸರ್ಚಾರ್ಜ್: 242.25. ಇವೆರಡನ್ನೂ 12,112.50ಕ್ಕೆ ಕೂಡಿಸಿದ ಮೊತ್ತ 14,777.25. ಇದರ ಮೇಲೆ ಶೇ 18 ಐಜಿಎಸ್‌ಟಿ (ಆಮದಿನ ಮೇಲೆ ಬೀಳುವ ಜಿಎಸ್‌ಟಿ): 2,659.91. ಸುಂಕದ ಮೇಲೂ ತೆರಿಗೆ ಬೀಳುವುದು ಇಲ್ಲೇ, ಹೆಚ್ಚಿನವರ ಲೆಕ್ಕ ತಪ್ಪುವುದೂ ಇಲ್ಲೇ. ಸರ್ಕಾರಕ್ಕೆ ಹೋಗುವುದು ಸುಮಾರು 5,325 ರೂ. ಉಳಿದದ್ದು ನಿಮ್ಮ ಪರವಾಗಿ ಮೊದಲೇ ಸುಂಕ ಕಟ್ಟಿದ್ದಕ್ಕೆ ಕೊರಿಯರ್‌ನವರು ಹಾಕುವ ಶುಲ್ಕ ಮತ್ತು ಅದರ ಮೇಲಿನ ಜಿಎಸ್‌ಟಿ. ‘ಬಿಲ್ ಆಫ್ ಎಂಟ್ರಿ’ (ಆಮದಿನ ಕಸ್ಟಮ್ಸ್ ದಾಖಲೆ) ಪ್ರತಿ ಕೇಳಿ ಪಡೆಯಿರಿ, ಮೂಲ ಸುಂಕ, ಸರ್ಚಾರ್ಜ್, ಐಜಿಎಸ್‌ಟಿ ಮೂರೂ ಅದರಲ್ಲಿರುತ್ತವೆ. ಯೂರೋವನ್ನು ರೂಪಾಯಿಗೆ ಬದಲಿಸುವುದು ನಿಮ್ಮ ಕಾರ್ಡಿನ ದರದಲ್ಲಲ್ಲ, ಕಸ್ಟಮ್ಸ್ ಮಂಡಳಿ ಪ್ರಕಟಿಸುವ ದರದಲ್ಲಿ. ನಾಲ್ಕಾರು ರೂಪಾಯಿ ವ್ಯತ್ಯಾಸ ಕಂಡರೆ ಗಾಬರಿ ಬೇಡ.

ಇನ್ನೊಂದು ವಿಷಯ. ಜರ್ಮನಿಯ ಬೆಲೆಯಲ್ಲಿ ಅಲ್ಲಿನ ಶೇ 19 ವ್ಯಾಟ್ ಸೇರಿರುತ್ತದೆ. ಯುರೋಪ್ ಒಕ್ಕೂಟದ ಹೊರಗೆ ಕಳಿಸುವಾಗ ಹಲವು ಅಂಗಡಿಗಳು ಅದನ್ನು ಕಳೆದೇ ಬಿಲ್ ಮಾಡುತ್ತವೆ: 119 ಯೂರೋದ ವಸ್ತು 100ಕ್ಕೆ ಇಳಿಯುತ್ತದೆ. ಭಾರತದ ವಿಳಾಸ ಹಾಕಿದ ಮೇಲೂ ಬೆಲೆ ಇಳಿಯದಿದ್ದರೆ ಹಣ ಕಟ್ಟುವ ಮುಂಚೆಯೇ ವಿಚಾರಿಸಿ.

ಪ್ರಶ್ನೆ: ಅಮೆರಿಕದಲ್ಲಿರುವ ಅಕ್ಕ ಪಾರ್ಸೆಲ್ ಮೇಲೆ ‘ಗಿಫ್ಟ್’ ಎಂದು ಬರೆದು, ಬೆಲೆ ಕಡಿಮೆ ತೋರಿಸಿದರೆ ಸುಂಕ ತಪ್ಪುತ್ತದೆಯೇ? (ಹಾಸನ)

ಉತ್ತರ: 5,000 ರೂ.ವರೆಗಿನ ಉಡುಗೊರೆಗೆ ಇದ್ದ ರಿಯಾಯಿತಿಯನ್ನು 2019ರ ಡಿಸೆಂಬರ್‌ನಲ್ಲೇ ತೆಗೆದುಹಾಕಲಾಗಿದೆ. ಉಳಿದದ್ದು ಜೀವರಕ್ಷಕ ಔಷಧ ಮತ್ತು ರಾಖಿಗೆ ಮಾತ್ರ. ರಾಖಿಯ ಜೊತೆಗಿಟ್ಟ ಚಾಕೊಲೇಟ್ ಡಬ್ಬಕ್ಕೂ ಇಲ್ಲ! ಬೆಲೆ ಸುಳ್ಳು ಬರೆಸಬೇಡಿ. ಅದೇ ವಸ್ತುವಿನ ಬೆಲೆ ಜಾಲತಾಣದಲ್ಲಿ ಎಷ್ಟಿದೆ ಎಂದು ಅಧಿಕಾರಿಗೆ ಹುಡುಕಲು ಬರುತ್ತದೆ. ಅನುಮಾನ ಬಂದರೆ ಇನ್‌ವಾಯ್ಸ್ ಮತ್ತು ಹಣ ಕಟ್ಟಿದ ದಾಖಲೆ ಕೇಳುತ್ತಾರೆ, ದಂಡವೂ ಬೀಳಬಹುದು. ಪಾರ್ಸೆಲ್ ಕಳೆದುಹೋದರೆ ವಿಮೆ ಸಿಗುವುದೂ ಬರೆದಷ್ಟೇ ಬೆಲೆಗೆ.

ಪ್ರಶ್ನೆ: ‘ಪಾರ್ಸೆಲ್ ಕಸ್ಟಮ್ಸ್‌ನಲ್ಲಿದೆ, ಕೆವೈಸಿ ಕೊಡಿ’ ಎಂದು ಲಿಂಕ್ ಬಂದಿದೆ. ಒತ್ತಬಹುದೇ? (ಮಂಗಳೂರು)

ಉತ್ತರ: ಲಿಂಕ್ ಒತ್ತಬೇಡಿ. ಕೊರಿಯರ್‌ನ ಜಾಲತಾಣವನ್ನು ನೀವೇ ತೆರೆದು ಟ್ರ್ಯಾಕಿಂಗ್ ಸಂಖ್ಯೆ ಹಾಕಿ ನೋಡಿ. ಕೆವೈಸಿ ಕೇಳುವುದಂತೂ ನಿಜ: ಕೊರಿಯರ್ ಮೂಲಕ ಬರುವ ಆಮದಿಗೆ ಪಡೆಯುವವರ ಗುರುತಿನ ದಾಖಲೆ ಬೇಕೇ ಬೇಕು. ಆದರೆ ಖಾಸಗಿ ಯುಪಿಐ ಸಂಖ್ಯೆಗೆ ‘ಕಸ್ಟಮ್ಸ್ ಅಧಿಕಾರಿ’ಯ ಹೆಸರಲ್ಲಿ ಹಣ ಕೇಳಿದರೆ ಅದು ವಂಚನೆಯೇ. ಪಾರ್ಸೆಲ್ ನಿಜವಾಗಿಯೂ ಸಿಕ್ಕಿಕೊಳ್ಳುವುದಕ್ಕೆ ಕಾರಣ ಬಹಳ ಸಲ ಹೆಸರು. ಮನೆಯಲ್ಲಿ ಕರೆಯುವ ಹೆಸರಿನಲ್ಲಿ ಆರ್ಡರ್ ಮಾಡಿರುತ್ತಾರೆ, ಆಧಾರ್‌ನಲ್ಲಿ ಬೇರೆ ಹೆಸರಿರುತ್ತದೆ. ತಡವಾದಷ್ಟೂ ಗೋದಾಮಿನ ಬಾಡಿಗೆ ಏರುತ್ತದೆ.

ಪ್ರಶ್ನೆ: ಲಂಡನ್‌ನಲ್ಲಿರುವ ಮಗಳಿಗೆ ಹುಟ್ಟುಹಬ್ಬಕ್ಕೆ ಮೈಸೂರು ರೇಷ್ಮೆ ಸೀರೆ, ಧಾರವಾಡ ಪೇಡಾ, ಚಕ್ಕುಲಿ, ಚಟ್ನಿಪುಡಿ ಅಂಚೆಯಲ್ಲಿ ಕಳಿಸಬೇಕು. (ಧಾರವಾಡ)

ಉತ್ತರ: ಪೇಡಾ ತೆಗೆದಿಡಿ. ಭಾರತದಿಂದ ಹಾಲಿನ ಪದಾರ್ಥ, ಮಾಂಸ ಕಳಿಸುವುದಕ್ಕೆ ಬ್ರಿಟನ್ನಿನಲ್ಲಿ ನಿಷೇಧವಿದೆ. ಪೇಡಾ ಎಂದರೆ ಹಾಲೇ. ಬೆಳಗಾವಿಯ ಕುಂದಾಕ್ಕೂ ಇದೇ ಗತಿ. ಚಕ್ಕುಲಿ, ಚಟ್ನಿಪುಡಿ ಹೋಗುತ್ತವೆ, ಆದರೆ ಬೆಣ್ಣೆ ಚಕ್ಕುಲಿ ಬೇಡ, ಎಣ್ಣೆಯದ್ದೇ ಇರಲಿ.

ಸೀರೆಯ ವಿಷಯ ಬೇರೆ. ಖಾಸಗಿ ವ್ಯಕ್ತಿ ಇನ್ನೊಬ್ಬರಿಗೆ ಹುಟ್ಟುಹಬ್ಬ, ಹಬ್ಬಹರಿದಿನಕ್ಕೆ ಕಳಿಸುವ ಉಡುಗೊರೆ 39 ಪೌಂಡ್ ಒಳಗಿದ್ದರೆ ವ್ಯಾಟ್ ಇಲ್ಲ. ದಾಟಿದರೆ ವ್ಯಾಟ್ ಉಂಟು, 135 ಪೌಂಡ್ ದಾಟಿದರೆ ಸುಂಕವೂ ಸೇರಬಹುದು. ಒಳ್ಳೆಯ ಮೈಸೂರು ರೇಷ್ಮೆ ಸೀರೆ 39 ಪೌಂಡಿಗೆ ಸಿಗುವುದಿಲ್ಲವಲ್ಲ, ಹಾಗಾಗಿ ಮಗಳಿಗೆ ಮೊದಲೇ ಹೇಳಿಬಿಡಿ. ಕಸ್ಟಮ್ಸ್ ಚೀಟಿಯಲ್ಲಿ ‘ಬಟ್ಟೆ’ ಎಂದಷ್ಟೇ ಬರೆಯದೆ ‘ರೇಷ್ಮೆ ಸೀರೆ, 1, ಇಷ್ಟು ಬೆಲೆ’ ಎಂದು ಇಂಗ್ಲಿಷ್‌ನಲ್ಲಿ ಸ್ಪಷ್ಟವಾಗಿ ಬರೆಯಿರಿ. ಅಂಗಡಿಯಿಂದ ನೇರ ಅವಳ ಹೆಸರಿಗೆ ಕಳಿಸಿದರೆ ಅದು ಉಡುಗೊರೆಯಲ್ಲ, ಮಾರಾಟ. ವ್ಯಾಟ್, ಸುಂಕದ ಬಾಕಿ ಹಣ ಕಟ್ಟದಿದ್ದರೆ ಬ್ರಿಟನ್ನಿನ ಅಂಚೆ ಸಂಸ್ಥೆ ರಾಯಲ್ ಮೇಲ್ ಪಾರ್ಸೆಲನ್ನು ಸುಮಾರು ಮೂರು ವಾರ ಇಟ್ಟುಕೊಂಡು ಹಿಂದಿರುಗಿಸುತ್ತದೆ.

ಅಮೆರಿಕಕ್ಕೆ ಕಳಿಸುವವರಿಗೆ ಒಂದು ಮಾತು: 800 ಡಾಲರ್‌ವರೆಗೆ ಇದ್ದ ಸುಂಕ ವಿನಾಯಿತಿ 2025ರ ಆಗಸ್ಟ್ 29ರಂದು ಮುಗಿಯಿತು. ಆಗ ನಿಂತಿದ್ದ ಅಂಚೆ ಪಾರ್ಸೆಲ್ ಅಕ್ಟೋಬರ್ 15ರಂದು ಮತ್ತೆ ಶುರುವಾದಾಗ, ಸುಂಕವನ್ನು ಇಲ್ಲೇ ಬುಕಿಂಗ್ ವೇಳೆ ಕಟ್ಟಿಸಿಕೊಳ್ಳುವ ಪದ್ಧತಿ ಬಂತು. ದರ ಬದಲಾಗುತ್ತಿರುವುದರಿಂದ ಪ್ಯಾಕ್ ಮಾಡುವ ಮುಂಚೆ ಕೌಂಟರಿನಲ್ಲಿ ಕೇಳಿ.

ಪ್ರಶ್ನೆ: ಚೀನಾದಿಂದ ಹೂವಿನ ಬೀಜ ಮತ್ತು ಸಣ್ಣ ಡ್ರೋನ್ ತರಿಸಬಹುದೇ? (ಚಿಕ್ಕಮಗಳೂರು)

ಉತ್ತರ: ಎರಡೂ ಬೇಡ. ಬೀಜಕ್ಕೆ ಆಮದು ಪರವಾನಗಿಯೂ ರೋಗಮುಕ್ತ ಪ್ರಮಾಣಪತ್ರವೂ ಬೇಕು. ಡ್ರೋನ್ ಆಮದು 2022ರ ಫೆಬ್ರುವರಿಯಿಂದ ನಿಷಿದ್ಧ, ಬಿಡಿಭಾಗಗಳಿಗೆ ಮಾತ್ರ ಅಡ್ಡಿಯಿಲ್ಲ.

ಪ್ರಶ್ನೆ: ಬಂದ ವಸ್ತು ಕೆಟ್ಟಿತ್ತು. ವಾಪಸ್ ಕಳಿಸಿದರೆ ಕಟ್ಟಿದ ಸುಂಕ ಬರುತ್ತದೆಯೇ? (ತುಮಕೂರು)

ಉತ್ತರ: ಮಾರಿದವರು ಕೊಡುವುದು ವಸ್ತುವಿನ ಬೆಲೆ, ಸುಂಕ ಅವರ ಕೈಯಲ್ಲಿಲ್ಲ. ಕಸ್ಟಮ್ಸ್ ಕಾಯ್ದೆಯ 26ಎ ಸೆಕ್ಷನ್‌ನಲ್ಲಿ ದಾರಿಯಿದೆ: ವಸ್ತುವನ್ನು ಬಳಸಿರಬಾರದು, ದುರಸ್ತಿ ಮಾಡಿಸಿರಬಾರದು, ಬಿಡಿಸಿಕೊಂಡ 30 ದಿನದೊಳಗೆ ಹೊರದೇಶಕ್ಕೆ ಮರಳಿ ಕಳಿಸಿರಬೇಕು, ಬಂದದ್ದೂ ಹೋದದ್ದೂ ಅದೇ ವಸ್ತು ಎಂದು ಅಧಿಕಾರಿಗೆ ಮನವರಿಕೆಯಾಗಬೇಕು. ಅರ್ಜಿಗೆ ಆರು ತಿಂಗಳ ಗಡುವು. ಎರಡು ಸಾವಿರ ರೂಪಾಯಿಯ ಸುಂಕಕ್ಕೆ ಇಷ್ಟು ಓಡಾಟ ಗಿಟ್ಟುವುದಿಲ್ಲ. ವಾಪಸ್ ಕಳಿಸದೆ ಅರ್ಧ ಹಣಕ್ಕೆ ಒಪ್ಪುತ್ತಾರೆಯೇ ಎಂದು ಮಾರಿದವರನ್ನು ಕೇಳಿನೋಡುವುದೇ ಮೇಲು. ಅದಕ್ಕೆ ಡಬ್ಬಿ ಬಿಚ್ಚುವಾಗಿನ ವಿಡಿಯೋ ನಿಮ್ಮ ಬಳಿ ಇರಬೇಕು.