ಪ್ರತಿಕ್ರಿಯೆ: ಸುಂಕವಿಲ್ಲದೆ ತರಿಸಿದ ಕಾರು, ಮಾರಿದರೆ ಲಾಭ ಯಾರದು?

ವಿರಾಜಪೇಟೆಯಿಂದ ಕೇಳಿದವರಿಗೆ: ನಿಮ್ಮ ಭಾವ ವಿದೇಶದ ನಮ್ಮ ರಾಯಭಾರ ಕಚೇರಿಯಲ್ಲಿ ಆಡಳಿತ ಸಿಬ್ಬಂದಿ, ಅವಧಿ ಮುಗಿಯುತ್ತಿದೆ, ಸುಂಕವಿಲ್ಲದೆ ತರಿಸಿದ ಕಾರಿಗೆ ಅಲ್ಲಿಯವರೊಬ್ಬರು ಕೊಂಡ ಬೆಲೆಗಿಂತ ಜಾಸ್ತಿ ಕೊಡುತ್ತಾರಂತೆ, ಮಾರಬಹುದಾ ಅಂತ ಪ್ರಶ್ನೆ.

ಸೈನಿಕರಿಗೆ ಅಗ್ಗದಲ್ಲಿ ಸಿಗುವ ಮಿಲಿಟರಿ ಕ್ಯಾಂಟೀನ್ ಮದ್ಯದ ಬಾಟಲಿಯ ಲೆಕ್ಕವೇ ಇದು, ಕೊಡಗಿನವರಿಗೆ ಬಿಡಿಸಿ ಹೇಳಬೇಕಿಲ್ಲ. ರಿಯಾಯಿತಿ ಇರುವುದು ಮನುಷ್ಯನಿಗೆ, ಸರಕಿಗಲ್ಲ. ದೇಶಗಳ ರಾಯಭಾರ ಸಂಬಂಧ ಕುರಿತ 1961ರ ವಿಯೆನ್ನಾ ಒಪ್ಪಂದದ 37ನೇ ವಿಧಿಯೂ ಆಡಳಿತ ಸಿಬ್ಬಂದಿಗೆ ಮೊದಲು ಮನೆ ಹೂಡುವಾಗ ತರಿಸಿದ ಸಾಮಾನಿಗಷ್ಟೇ ವಿನಾಯಿತಿ ಕೊಡುತ್ತದೆ.

ಮೊದಲು ಕಚೇರಿಯ ಲಿಖಿತ ಒಪ್ಪಿಗೆ, ಆಮೇಲೆ ಆ ದೇಶದ ವಿದೇಶಾಂಗ ಇಲಾಖೆ ಮತ್ತು ಕಸ್ಟಮ್ಸ್ ಅನುಮತಿ. ಕೊಳ್ಳುವವನಿಗೆ ವಿನಾಯಿತಿ ಇಲ್ಲದಿದ್ದರೆ ಸಾಮಾನ್ಯವಾಗಿ ಸುಂಕ ಕಟ್ಟಿದ ಮೇಲೆಯೇ ಹೆಸರು ಬದಲಾವಣೆ. ಎಡವುವುದು ಇಲ್ಲೇ: ದುಡ್ಡು ಇಸಿದುಕೊಂಡು ಕೀ ಕೊಟ್ಟು ವಿಮಾನ ಹತ್ತಿಬಿಡುತ್ತಾರೆ. ಕಾರು ಇನ್ನೂ ಇವರ ಹೆಸರಿನಲ್ಲೇ ಓಡುತ್ತಿರುತ್ತದೆ, ಅಪಘಾತವಾದರೆ ಉತ್ತರ ಕೊಡಬೇಕಾದವರೂ ಇವರೇ.

ಅಮೆರಿಕದವರು ತಮ್ಮ ರಾಯಭಾರ ನೌಕರರಿಂದ ಲಾಭವನ್ನೇ ಕಿತ್ತುಕೊಳ್ಳುತ್ತಾರೆ. ಅವರ ನೌಕರ 12,000 ಡಾಲರಿಗೆ ಕೊಂಡು, ಕೈಯಿಂದ 1,800 ಸಾಗಣೆ ಕೊಟ್ಟು, 16,000ಕ್ಕೆ ಮಾರಿದ ಅನ್ನಿ. ಉಳಿದ 2,200 ದಾನಕ್ಕೆ ಹೋಗಬೇಕು. ರಿಪೇರಿ, ಓಡಿಸುವಾಗಿನ ವಿಮೆಯ ಖರ್ಚನ್ನು ಅಸಲು ಬೆಲೆಗೆ ಸೇರಿಸುವ ಹಾಗಿಲ್ಲ. ಸರ್ಕಾರವೇ ಭರಿಸಿದ ಸಾಗಣೆಯನ್ನೂ ಅಷ್ಟೇ. ಒಳ್ಳೆಯ ನಿಯಮ, ಮಾರುವ ಚಪಲವೇ ಹೋಗುತ್ತದೆ.

ಭಾವನಿಗೆ 1964ರ ಕೇಂದ್ರ ನೌಕರರ ನಡತೆ ನಿಯಮ ಅನ್ವಯಿಸುವುದಾದರೆ, ಎರಡು ತಿಂಗಳ ಮೂಲ ವೇತನ ಮೀರಿದ ಮಾರಾಟವನ್ನು ಒಂದು ತಿಂಗಳೊಳಗೆ ವರದಿ ಮಾಡಬೇಕು. ಕೊಳ್ಳುವವನಿಗೆ ಕಚೇರಿಯ ಜೊತೆ ವ್ಯವಹಾರವಿದ್ದರೆ ಮುಂಚೆಯೇ ಮಂಜೂರಾತಿ ಬೇಕು. ವೀಸಾ ಏಜೆಂಟನಿಗೆ ಮಾತ್ರ ಮಾರಬೇಡಿ ಅನ್ನಿ.